‘ದೊಡ್ಡ ಕುಟುಂಬ’ದ ರೈಲುಗಾಡಿ

ಸರ್ಕಸ್ಸೆಂದರೆ ಒಂದು ದೊಡ್ಡ ಕುಟುಂಬವಂತೆ! ಮಾಲೀಕನೇ ತಂದೆ, ಆಟಗಾರರೇ ಮಕ್ಕಳು, ಡೇರೆಯೇ ಮನೆ, ರೈಲುಗಾಡಿಯೇ ತೊಟ್ಟಿಲು. ಅಮೆರಿಕದ ರೈಲು ಸರ್ಕಸ್ಸುಗಳ ಮೇಲೆ ಬಂದ ಸಿನಿಮಾಗಳೂ ಪುಸ್ತಕಗಳೂ ಈ ಒಂದೇ ರಾಗವನ್ನು ಎಳೆಯುತ್ತಿರುತ್ತವೆ. 1952ರಲ್ಲಿ ಸೆಸಿಲ್ ಬಿ. ಡಿಮಿಲ್ ಎಂಬ ನಿರ್ದೇಶಕ ‘ದಿ ಗ್ರೇಟೆಸ್ಟ್ ಷೋ ಆನ್ ಅರ್ತ್’ ಎಂಬ ಚಿತ್ರ ತೆಗೆದ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಆಸ್ಕರ್ ಬಹುಮಾನ ಬಂತು. ಅದರಲ್ಲಿ ಸರ್ಕಸ್ಸಿನ ರೈಲು ಅಪಘಾತಕ್ಕೀಡಾಗುತ್ತದೆ, ಡಬ್ಬಿಗಳು ಮುರಿದು ಬೀಳುತ್ತವೆ. ಆದರೂ ಉಳಿದವರು ಎದ್ದು ಧೂಳು ಕೊಡವಿಕೊಂಡು ಬಯಲಿನಲ್ಲೇ ಆಟ ನಡೆಸುತ್ತಾರೆ. ನೋಡುವವರ ಕಣ್ಣಲ್ಲಿ ನೀರು. ಕುಟುಂಬವೆಂದರೆ ಹೀಗಿರಬೇಕು ಎಂದು ಮೂಗೊರೆಸಿಕೊಂಡು ಜನ ಮನೆಗೆ ಹೋಗುತ್ತಾರೆ.

ನಾವು ಕೇಳುವುದು ಒಂದೇ ಪ್ರಶ್ನೆ. ಕುಟುಂಬವೆಂದ ಮೇಲೆ ಮನೆ ಮಕ್ಕಳ ಹೆಸರು ತಂದೆಗೆ ಗೊತ್ತಿರಬೇಕಷ್ಟೆ? ಮಗ ಸತ್ತರೆ ಹೆಣ ಇಂಥವನದು ಎಂದು ಹೇಳಲು ಮನೆಯಲ್ಲಿ ಒಬ್ಬನಾದರೂ ಇರಬೇಕಷ್ಟೆ? ಈ ದೊಡ್ಡ ಕುಟುಂಬದಲ್ಲಿ ಅಂಥವನು ಇರಲಿಲ್ಲ. ಆ ಕಥೆಯನ್ನೇ ಇಂದು ವಾಚಕರ ಮುಂದಿಡುತ್ತಿದ್ದೇವೆ.

ಕಚೇರಿಗೆ ಬಂದ ಮಿತ್ರರೊಬ್ಬರು ಈ ವಿಷಯ ಕೇಳಿ ನಕ್ಕರು. ‘ಏನು ಮೇಷ್ಟ್ರೇ, ಬದಲಿ ಕೆಲಸಗಾರರ ಗೋಳು ಬರೆಯುವುದು ಬಿಟ್ಟು ಅಮೆರಿಕದ ಆನೆ ಕುದುರೆ ಹಿಡಿದಿರಲ್ಲ!’ ಎಂದರು. ಅವರು ಕೊನೆಯವರೆಗೆ ಓದಲಿ ಎಂದಷ್ಟೇ ನಮ್ಮ ಕೋರಿಕೆ. ನಾವೂ ಒಂದು ಕಾಲಕ್ಕೆ ಶಾಲೆಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ಸರ್ಕಸ್ಸಿಗೆ ಕರೆದುಕೊಂಡು ಹೋದವರೇ. ಹುಲಿ ನೋಡಿದೆವು, ಜೋಕರನನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಗೂಟ ಹೊಡೆದವನು ಯಾರೆಂದು ಹುಡುಗರೂ ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ.

ಮೊದಲು ಆ ಕೆಲಸದ ಬೆರಗನ್ನೇ ಹೇಳಿಬಿಡೋಣ. ಬೆರಗನ್ನು ಬೆರಗೆಂದು ಒಪ್ಪಿಕೊಳ್ಳಲು ನಮಗೇನೂ ಸಂಕೋಚವಿಲ್ಲ, ಏಕೆಂದರೆ ಅದು ದುಡಿಯುವವರ ಬೆರಗು.

1872ಕ್ಕೆ ಮುಂಚೆ ಅಮೆರಿಕದ ಸರ್ಕಸ್ಸುಗಳಲ್ಲಿ ಹೆಚ್ಚಿನವು ಕುದುರೆ ಬಂಡಿಗಳಲ್ಲಿ ಕೆಸರು ತುಳಿದುಕೊಂಡು ಊರಿಂದೂರಿಗೆ ಹೋಗುತ್ತಿದ್ದವು. ರೈಲನ್ನು ಬಳಸಿದವರು ಹಿಂದೆಯೂ ಕೆಲವರಿದ್ದರು. ಆದರೆ ಇಡೀ ಊರಿನಂಥ ಸರ್ಕಸ್ಸನ್ನು ದಿನಕ್ಕೊಂದು ಊರಿನಂತೆ ರೈಲಿನಲ್ಲಿ ಸಾಗಿಸುವ ಕ್ರಮ ಕುದುರಿದ್ದು 1872ರಲ್ಲಿ, ಪಿ. ಟಿ. ಬಾರ್ನಮ್‌ನ ಕಂಪನಿಯಲ್ಲಿ. ಅದರ ಹಿಂದಿದ್ದ ತಲೆ ಬಾರ್ನಮ್‌ನದಲ್ಲ, ಪಾಲುದಾರ ಡಬ್ಲ್ಯು. ಸಿ. ಕೂಪ್ ಎಂಬವನದು. ಛಾವಣಿಯಿಲ್ಲದ ಚಪ್ಪಟೆ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿ, ಒಂದರಿಂದ ಇನ್ನೊಂದಕ್ಕೆ ಕಬ್ಬಿಣದ ಹಲಗೆ ಹಾಸಿ, ಕೊನೆಯ ಡಬ್ಬಿಗೆ ಇಳಿಜಾರು ಹಲಗೆ ಕೊಟ್ಟು, ಸಾಮಾನು ತುಂಬಿದ ಬಂಡಿಗಳನ್ನು ಹಗ್ಗ ಕಟ್ಟಿ ಕುದುರೆಗಳಿಂದ ಎಳೆಸಿ ಒಂದರ ಹಿಂದೊಂದು ಏರಿಸುವುದು: ಇದು ಅವನ ಉಪಾಯ. ಮುಂದಿನ ನೂರು ವರ್ಷವೂ ಸರ್ಕಸ್ಸುಗಳು ಇದೇ ರೀತಿಯಲ್ಲಿ ರೈಲು ಹತ್ತಿದವು. 1910ರ ಹೊತ್ತಿಗೆ ಆ ದೇಶದಲ್ಲಿ ಮೂವತ್ತರ ಆಸುಪಾಸು ಸರ್ಕಸ್ಸುಗಳು ರೈಲಿನಲ್ಲಿ ಓಡಾಡುತ್ತಿದ್ದವು. 1919ರಲ್ಲಿ ರಿಂಗ್ಲಿಂಗ್ ಸಹೋದರರು ಬಾರ್ನಮ್ ಅಂಡ್ ಬೇಲಿ ಕಂಪನಿಯನ್ನು ತಮ್ಮದರೊಡನೆ ಕೂಡಿಸಿದ ಮೇಲೆ ಆ ಒಂದು ಕಂಪನಿಗೇ ನೂರರ ಹತ್ತಿರ ಡಬ್ಬಿಗಳು, ಸಾವಿರಕ್ಕೂ ಮಿಕ್ಕಿದ ಜನ. ಅಷ್ಟನ್ನೂ ನಾಲ್ಕು ರೈಲುಗಳಾಗಿ ಒಡೆದು ಓಡಿಸುತ್ತಿದ್ದರು.

ಬೆಳಗಿನ ಜಾವ ಮೊದಲ ರೈಲು ಬರುತ್ತದೆ. ಅದರಲ್ಲಿ ಅಡಿಗೆಯ ಡೇರೆ, ಕುದುರೆಗಳು, ಜಾಗ ಅಳೆಯುವವನು. ಅವನು ಬಯಲಿನಲ್ಲಿ ಟೇಪು ಹಿಡಿದು ನಡೆದು, ಗೂಟ ಬೀಳಬೇಕಾದ ಕಡೆಯಲ್ಲೆಲ್ಲ ಕಬ್ಬಿಣದ ಕಡ್ಡಿ ಚುಚ್ಚುತ್ತಾ ಹೋಗುತ್ತಾನೆ. ಅವನ ಹಿಂದೆ ಸುತ್ತಿಗೆಯ ತಂಡ. ಒಂದು ಗೂಟದ ಸುತ್ತ ಆರೇಳು ಆಳು ನಿಂತು ಒಬ್ಬನಾದ ಮೇಲೊಬ್ಬ ಭಾರಿ ಸುತ್ತಿಗೆ ಬೀಸುತ್ತಾರೆ. ಒಬ್ಬನ ಏಟು ಅರೆಗಳಿಗೆ ತಪ್ಪಿದರೆ ಪಕ್ಕದವನ ತಲೆ ಒಡೆಯುತ್ತದೆ. ಏಟಿನ ಲೆಕ್ಕ ತಪ್ಪದಿರಲೆಂದು ಕರಿಯ ಕೆಲಸಗಾರರು ಹಾಡು ಹೇಳಿಕೊಂಡು ಹೊಡೆಯುತ್ತಿದ್ದರು. ನಮ್ಮಲ್ಲಿ ತೊಲೆ ಎಳೆಯುವವರು ‘ಐಸಾ’ ಎನ್ನುವುದಿಲ್ಲವೆ, ಹಾಗೆ. ಊರ ಹುಡುಗರು ಬೆಳಗಾಗುವ ಮುಂಚೆ ಎದ್ದು ಈ ಹಾಡು ಕೇಳಲೆಂದೇ ಬಯಲಿಗೆ ಓಡಿ ಬರುತ್ತಿದ್ದರಂತೆ.

ಎರಡನೆಯ ರೈಲಿನಲ್ಲಿ ಕಿತ್ತಾನು, ಕಂಬಗಳು. ಮೂರನೆಯದರಲ್ಲಿ ಆಸನಗಳು, ಆಟದ ಸಾಮಾನು. ಆಟಗಾರರ ಮಲಗುವ ಡಬ್ಬಿಗಳು ಕೊನೆಗೆ. ಬೆಳಿಗ್ಗೆ ಹುಲ್ಲು ಬೆಳೆದ ಖಾಲಿ ಬಯಲು, ಮಧ್ಯಾಹ್ನ ಎರಡು ಗಂಟೆಗೆ ಹತ್ತು ಸಾವಿರ ಜನ ಕೂರುವ ಡೇರೆ. ರಾತ್ರಿ ಎಂಟಕ್ಕೆ ಮತ್ತೊಂದು ಆಟ. ಒಳಗೆ ಬಾಜಾ ಬಾರಿಸುತ್ತಿರುವಾಗಲೇ ಹೊರಗೆ ಅಡಿಗೆಯ ಡೇರೆ ಕಳಚಿ ಮೊದಲ ರೈಲು ಹತ್ತಿಯಾಗಿರುತ್ತದೆ. ಪ್ರೇಕ್ಷಕರು ಏಳುತ್ತಿದ್ದಂತೆ ಆಸನಗಳು ಮಾಯ. ನಡುರಾತ್ರಿಗೆ ಬಯಲು ಮತ್ತೆ ಬಯಲು. ಮಳೆ ಬಂದ ದಿನ ನೆನೆದ ಕಿತ್ತಾನು ಎರಡರಷ್ಟು ಭಾರ, ಬಂಡಿಯ ಗಾಲಿ ಅಚ್ಚಿನವರೆಗೆ ಕೆಸರಿನಲ್ಲಿ. ಆಗಲೂ ಮರುದಿನದ ಆಟ ನಿಲ್ಲುವಂತಿಲ್ಲ. ವಸಂತದಿಂದ ಚಳಿಗಾಲದ ಬಾಗಿಲವರೆಗೆ ನೂರಾರು ಊರು ಹೀಗೆ. ಬಾರ್ನಮ್ ಅಂಡ್ ಬೇಲಿ ಕಂಪನಿ 1897ರಿಂದ 1902ರವರೆಗೆ ಯುರೋಪಿನಲ್ಲಿ ಸಂಚಾರ ಮಾಡಿದಾಗ ಜರ್ಮನ್ ಸೇನೆಯ ಅಧಿಕಾರಿಗಳು ರೈಲು ತುಂಬುವ ಈ ಕ್ರಮವನ್ನು ನಿಂತು ನೋಡಿ ಬರೆದುಕೊಂಡರೆಂದು ಸರ್ಕಸ್ಸಿನ ಚರಿತ್ರೆಗಳು ಹೇಳುತ್ತವೆ. ಸೈನ್ಯ ಸಾಗಿಸುವವರೇ ಬಂದು ಕಲಿಯುವಂಥ ಶಿಸ್ತು! ಅದನ್ನು ನಡೆಸಿದವನು ಯಾರು? ಪೋಸ್ಟರಿನ ಮೇಲೆ ಮೀಸೆ ತಿರುವಿ ನಿಂತ ಮಾಲೀಕನೋ, ಕೆಸರಿನಲ್ಲಿ ಹಗ್ಗ ಎಳೆದವನೋ?

ಇನ್ನು ಕುಟುಂಬದ ಒಳಮನೆ ನೋಡೋಣ.

ಮನೆ ಎಂದರೆ ರೈಲಿನ ಡಬ್ಬಿ. ಹೆಸರಾದ ಆಟಗಾರರಿಗೆ ಬೇರೆ ಕೋಣೆ, ಹಾಸಿಗೆ, ಕನ್ನಡಿ. ಮಾಲೀಕನಿಗೆ ಇಡೀ ಡಬ್ಬಿಯೇ ಬಂಗಲೆ. ಕೂಲಿಗಳ ಡಬ್ಬಿಯಲ್ಲಿ ಗೋಡೆಗೆ ಹೊಡೆದ ಮೂರು ಅಂತಸ್ತಿನ ಹಲಗೆಗಳು, ಒಂದೊಂದು ಹಲಗೆಗೆ ಇಬ್ಬಿಬ್ಬರು. ಬೇಸಿಗೆಯಲ್ಲಿ ಒಳಗೆ ಉಸಿರಾಡಲಾಗದೆ ಎಷ್ಟೋ ಜನ ಚಪ್ಪಟೆ ಡಬ್ಬಿಗಳ ಮೇಲೆ, ಬಂಡಿಗಳ ಅಡಿಯಲ್ಲಿ ಮಲಗುತ್ತಿದ್ದರು. ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ದಿನಕ್ಕೆ ಎರಡು ಬಕೆಟ್ ನೀರು. ಇದರಲ್ಲಿ ಮಾತ್ರ ತಾರೆಗೂ ವಿನಾಯಿತಿ ಇರಲಿಲ್ಲವಂತೆ!

ಊಟದ ಡೇರೆಯ ಮೇಲೆ ಬಾವುಟ ಏರಿದರೆ ಊಟ ಸಿದ್ಧವೆಂದು ಅರ್ಥ. ಹೊಟ್ಟೆ ತುಂಬ ಹಾಕುತ್ತಿದ್ದರು ಎಂಬುದನ್ನು ದುಡಿದವರೇ ಹೇಳಿಕೊಂಡಿದ್ದಾರೆ. ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಒಳಗೆ ನಡುವೆ ಪರದೆ. ಪರದೆಯ ಈಚೆ ಆಟಗಾರರೂ ಗುಮಾಸ್ತರೂ, ಆಚೆ ಕೂಲಿಗಳು. ಕರಿಯ ಕೂಲಿಗಳಿಗೆ ಕೂಲಿಗಳಲ್ಲೇ ಮತ್ತೆ ಬೇರೆ ಪಂಕ್ತಿ, ಬೇರೆ ಡಬ್ಬಿ. ಪಂಕ್ತಿಭೇದ ನಮ್ಮ ದೇಶದ ಒಂದರ ಸೊತ್ತೆಂದು ತಿಳಿದವರು ಇದನ್ನು ಗಮನಿಸಬೇಕು. ಪಿ. ಜಿ. ಲೌರಿ ಎಂಬ ಕರಿಯ ಸಂಗೀತಗಾರ ಕಾರ್ನೆಟ್ ಊದುವುದರಲ್ಲಿ ಆ ಕಾಲದ ಮೇಲ್ಪಂಕ್ತಿಯವನು. ಅವನ ತಂಡಕ್ಕೆ ಜಾಗ ದೊಡ್ಡ ಡೇರೆಯಲ್ಲಲ್ಲ, ಪಕ್ಕದ ಸಣ್ಣ ಡೇರೆಯಲ್ಲಿ. ಕೊಳಲಿಗೂ ಬಣ್ಣ ನೋಡಿ ಚಾಪೆ ಹಾಸಿದರು!

ವರ್ಜೀನಿಯಾದ ಜಾರ್ಜ್ ಮತ್ತು ವಿಲಿ ಮ್ಯೂಸ್ ಎಂಬ ಇಬ್ಬರು ಅಣ್ಣತಮ್ಮಂದಿರ ಕಥೆ ಇನ್ನೂ ಕ್ರೂರ. ಕರಿಯರ ಮನೆಯಲ್ಲಿ ಬಿಳಿಚರ್ಮದಿಂದ ಹುಟ್ಟಿದ ಈ ಹುಡುಗರನ್ನು ‘ಮಂಗಳ ಗ್ರಹದ ರಾಯಭಾರಿಗಳು’ ಎಂದು ಹೆಸರಿಟ್ಟು ವರ್ಷಗಟ್ಟಲೆ ಪಕ್ಕದ ಡೇರೆಯಲ್ಲಿ ತೋರಿಸಿ ಹಣ ಎತ್ತಿದರು. ಸಂಬಳವೆಂಬುದು ಅವರ ಕೈಗೆ ಸೇರಲಿಲ್ಲ. 1927ರಲ್ಲಿ ಸರ್ಕಸ್ಸು ರೋನೋಕ್ ಪಟ್ಟಣಕ್ಕೆ ಬಂದಾಗ ತಾಯಿ ಹ್ಯಾರಿಯೆಟ್ ಮ್ಯೂಸ್, ಮನೆಗೆಲಸ ಮಾಡಿ ಬದುಕುತ್ತಿದ್ದ ಹೆಂಗಸು, ಜನರ ನಡುವೆ ನುಗ್ಗಿ ಮಕ್ಕಳನ್ನು ಗುರುತಿಸಿದಳು. ಕಂಪನಿಯ ಮೇಲೆ ಮೊಕದ್ದಮೆ ಹೂಡಿದಳು. ಕಂಪನಿ ರಾಜಿಗೆ ಬಂತು. ಆ ಮೇಲೆ ಸೋದರರು ಸಂಬಳದ ಕರಾರಿನ ಮೇಲೆ ಕೆಲಸಕ್ಕೆ ಹೋದರು. ಅವರಿಗೆ ನಿಜವಾದ ಕುಟುಂಬವೊಂದು ಹೊರಗಿತ್ತು, ಆದ್ದರಿಂದ ಉಳಿದರು.

ಈಗ ಬಟವಾಡೆಯ ಮಾತು. ನಕ್ಕ ಮಿತ್ರರು ಇಲ್ಲಿಂದ ಕಿವಿಗೊಡಬೇಕು.

ಕೂಲಿಯ ಒಂದು ಭಾಗವನ್ನು ಕಂಪನಿ ಕೊಡದೆ ಹಿಡಿದಿಟ್ಟುಕೊಳ್ಳುತ್ತಿತ್ತು. ಋತು ಮುಗಿಯುವವರೆಗೆ ಇದ್ದವನಿಗೆ ಕೊನೆಯಲ್ಲಿ ಕೊಡುವುದು, ನಡುವೆ ಬಿಟ್ಟು ಹೋದವನಿಗೆ ಇಲ್ಲ. ಕಾಯಿಲೆ ಬಿದ್ದರೂ ಅಷ್ಟೇ, ಮೇಸ್ತ್ರಿ ಹೊಡೆದ ಎಂದು ಸಿಟ್ಟಿನಿಂದ ಹೊರಟರೂ ಅಷ್ಟೇ. ‘ನಿನ್ನ ಹಣ ನಮ್ಮಲ್ಲೇ ಭದ್ರವಾಗಿದೆ’ ಎನ್ನುವ ಗುತ್ತಿಗೆದಾರನನ್ನು ಕಂಡವರಿಗೆ ಈ ವಿದ್ಯೆ ಹೊಸದೇನಲ್ಲ. ಆದರೆ ಗುತ್ತಿಗೆದಾರರಿಗೂ ಹೊಳೆಯದ ಒಂದು ಉಪಾಯ ಕೆಲವು ಸರ್ಕಸ್ಸುಗಳಲ್ಲಿತ್ತು. ಋತುವಿನ ಕೊನೆಗೆ ಬಾಕಿ ಕೊಡುವ ಕಾಲ ಹತ್ತಿರವಾದಾಗ, ರಾತ್ರಿ ಓಡುತ್ತಿರುವ ರೈಲಿನಿಂದ ಕೂಲಿಯನ್ನು ಕೆಳಕ್ಕೆ ನೂಕಿಬಿಡುವುದು! ಹಳಿಯ ಪಕ್ಕ ಬಿದ್ದವನು ತಲೆಯೆತ್ತಿದರೆ ಕಾಣುವುದು ದೂರ ಸರಿಯುತ್ತಿರುವ ಕೊನೆಯ ಡಬ್ಬಿಯ ಕೆಂಪು ದೀಪ. ಅದಕ್ಕೆ ಸರ್ಕಸ್ಸಿನವರ ಭಾಷೆಯಲ್ಲಿ ‘ರೆಡ್ ಲೈಟಿಂಗ್’ ಎಂದೇ ಹೆಸರು. ಮಾತೊಂದು ಹುಟ್ಟಬೇಕಾದರೆ ಕೆಲಸ ಎಷ್ಟು ಸಲ ನಡೆದಿರಬೇಕು? ಮರುದಿನ ಅವನನ್ನು ಹುಡುಕುವವರಿಲ್ಲ. ಏಕೆಂದರೆ ಅವನ ನಿಜವಾದ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಬಂದ ದಿನ ಅಡ್ಡಹೆಸರು ಹೇಳಿದ, ಆ ಹೆಸರಿನಿಂದಲೇ ಕೂಗಿದರು. ಸರ್ಕಸ್ಸಿನ ಪ್ರತಿ ಬಂಡಿಗೂ ನಂಬರಿತ್ತು. ಅದು ಯಾವ ಡಬ್ಬಿಯ ಮೇಲೆ ಎಷ್ಟನೆಯದಾಗಿ ಏರಬೇಕೆಂಬ ಲೆಕ್ಕವಿತ್ತು. ಆ ಬಂಡಿ ಎಳೆದವನ ಲೆಕ್ಕ ಇರಲಿಲ್ಲ.

ಸಣ್ಣ ವ್ಯಾಪಾರಿ ಬಂಧುಗಳೂ ಇದನ್ನು ದೂರದಿಂದ ನೋಡುವಂತಿಲ್ಲ. ಸರ್ಕಸ್ಸು ಬಂದ ದಿನ ಊರ ಅಂಗಡಿಗಳಿಂದ ರೊಟ್ಟಿ, ಮಾಂಸ, ಹುಲ್ಲು, ಓಟ್ಸ್ ಕೊಳ್ಳುತ್ತಿದ್ದರು, ನಿಜ. ಆದರೆ ಸುತ್ತಲ ಹಳ್ಳಿಗಳ ರೈತ ತಿಂಗಳಿಡೀ ಕೂಡಿಟ್ಟ ಕಾಸು ಒಂದೇ ದಿನದಲ್ಲಿ ರೈಲು ಹತ್ತಿ ಹೋಗುತ್ತಿತ್ತು ಎಂದು ವ್ಯಾಪಾರಿಗಳು ಗೋಳಾಡುತ್ತಿದ್ದರು. ಗೋಡೆಗೆ ಪೋಸ್ಟರು ಅಂಟಿಸಿಕೊಂಡ ಅಂಗಡಿಯವನಿಗೆ ಬಾಡಿಗೆಯ ಬದಲು ಎರಡು ಪುಕ್ಕಟೆ ಟಿಕೀಟು. ರಿಂಗ್ಲಿಂಗ್ ಕಂಪನಿಗೆ ಈ ವಿಷಯದಲ್ಲಿ ಒಳ್ಳೆಯ ಹೆಸರಿತ್ತು ಎನ್ನಬೇಕು. ಆದರೆ ಸಣ್ಣಪುಟ್ಟ ಕಂಪನಿಗಳಲ್ಲಿ ಜೇಬುಗಳ್ಳರೂ ಮೂರೆಲೆ ಆಟದವರೂ ಸರ್ಕಸ್ಸಿನ ಜತೆಗೇ ಸಂಚರಿಸಿ ಮಾಲೀಕನಿಗೆ ಪಾಲು ಕೊಡುತ್ತಿದ್ದರು. ಊರಿನ ಪೋಲೀಸರ ಕೈ ಬೆಚ್ಚಗೆ ಮಾಡುವುದಕ್ಕೆಂದೇ ಒಬ್ಬ ಗುಮಾಸ್ತನಿರುತ್ತಿದ್ದ. ರಾತ್ರಿ ಕೂಲಿಯನ್ನು ನೂಕಿದ ಕೈಯೇ ಹಗಲು ಗಿರಾಕಿಯ ಜೇಬಿಗೂ ಇಳಿದಿತ್ತು ಎಂಬುದಷ್ಟೇ ನಮ್ಮ ಮಾತು.

‘ಕಾನೂನಿರಲಿಲ್ಲವೆ?’ ಎಂದು ಕೇಳುವಿರಿ. ಇತ್ತು. ಅದು ಯಾರ ಪರವಾಗಿತ್ತು ಎಂಬುದಕ್ಕೆ ಒಂದು ಮೊಕದ್ದಮೆ ಸಾಕು. ಆ ರೈಲು ಉಪಾಯ ಕಂಡುಹಿಡಿದ ಕೂಪ್ ಮುಂದೆ ಬಾರ್ನಮ್‌ನನ್ನು ಬಿಟ್ಟು ತನ್ನದೇ ಸರ್ಕಸ್ಸು ಕಟ್ಟಿದ. ಅವನ ಎರಡು ರೈಲುಗಳು ವಾಬಾಷ್ ರೈಲ್ವೆ ಕಂಪನಿಯ ದಾರಿಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದವು. ಜನಕ್ಕೆ ಗಾಯ, ಸಾಮಾನು ಪುಡಿ. ಕೂಪ್ ಪರಿಹಾರ ಕೇಳಿ ಕೋರ್ಟಿಗೆ ಹೋದ. 1885ರಲ್ಲಿ ಮಿಷಿಗನ್ ರಾಜ್ಯದ ಸುಪ್ರೀಂ ಕೋರ್ಟು ಹೇಳಿದ್ದೇನು? ಟಿಕೀಟು ಕೊಂಡ ಪ್ರಯಾಣಿಕನ ವಿಷಯದಲ್ಲಿ ರೈಲ್ವೆಗಿರುವ ಹೊಣೆ ಸರ್ಕಸ್ಸಿನ ರೈಲಿಗೆ ಅನ್ವಯಿಸದು; ರೈಲ್ವೆ ಇಲ್ಲಿ ಕೊಟ್ಟದ್ದು ಎಂಜಿನ್ನು ಮತ್ತು ಅದನ್ನು ನಡೆಸುವ ಆಳುಗಳನ್ನು ಮಾತ್ರ; ಕಡಿಮೆ ದರಕ್ಕೆ ಮಾಡಿಕೊಂಡ ಕರಾರಿನಲ್ಲಿ ಹಾನಿಗೆ ತಾನು ಜವಾಬ್ದಾರನಲ್ಲ ಎಂದು ರೈಲ್ವೆ ಬರೆಸಿಕೊಂಡಿದ್ದರೆ ಅದು ಸಿಂಧು. ಅಂದರೆ ಹಣ ಉಳಿಸಲು ಮಾಲೀಕ ರೈಲ್ವೆಯೊಡನೆ ಕೈ ಹಾಕಿದ, ಒಪ್ಪಂದದ ಕಾಗದದ ಕೆಳಗೆ ಒಳಗೆ ಮಲಗಿದವನ ಪ್ರಾಣವೂ ಅಡವಾಯಿತು. ಮಲಗಿದವನು ಆ ಕಾಗದವನ್ನು ಕಂಡವನಲ್ಲ, ರುಜು ಹಾಕಿದವನಲ್ಲ. ಇಲ್ಲಿ ಸೋತವನು ಸ್ವತಃ ಮಾಲೀಕ ಎಂದು ನಗಬೇಡಿರಿ. ಮಾಲೀಕನಿಗೆ ಹೋದದ್ದು ಸೊತ್ತು.

1903ರ ಆಗಸ್ಟ್ 7ರಂದು ಮಿಷಿಗನ್ನಿನ ಡುರಾಂಡ್ ಎಂಬಲ್ಲಿ ವಾಲೇಸ್ ಸರ್ಕಸ್ಸಿನ ಮೊದಲ ರೈಲು ನಿಂತಿದ್ದಾಗ ಎರಡನೆಯ ರೈಲು ಹಿಂದಿನಿಂದ ಬಂದು ಗುದ್ದಿತು. ಬ್ರೇಕು ಹಿಡಿಯಲಿಲ್ಲ ಎಂದು ಚಾಲಕ ಹೇಳಿದ. ಸತ್ತವರು ಇಪ್ಪತ್ತಕ್ಕೂ ಹೆಚ್ಚು, ಬಹುಪಾಲು ನಿದ್ದೆಯಲ್ಲಿದ್ದ ಕೂಲಿಗಳು. ಗುರುತು ಸಿಗದವರನ್ನು ಆ ಊರಲ್ಲೇ ಹೂಳಿದರು. ಹದಿನೈದು ವರ್ಷವಾದ ಮೇಲೆ ಆ ವಾಲೇಸ್ ಹೆಸರನ್ನೇ ಹೊತ್ತಿದ್ದ ಹೇಗನ್‌ಬೆಕ್-ವಾಲೇಸ್ ಸರ್ಕಸ್ಸಿನ ಸರದಿ.

1918ರ ಜೂನ್ 22. ಇಂಡಿಯಾನಾ ರಾಜ್ಯದ ಹ್ಯಾಮಂಡ್ ಪಟ್ಟಣದ ಬಳಿ, ಬೆಳಗಿನ ಜಾವ ಸುಮಾರು ನಾಲ್ಕು ಗಂಟೆ. ಸರ್ಕಸ್ಸಿನ ಎರಡನೆಯ ರೈಲಿನ ಒಂದು ಡಬ್ಬಿಯ ಗಾಲಿಯ ಅಚ್ಚು ಕಾದು ಹೊಗೆ ಬಂತು. ಅದನ್ನು ಸರಿಮಾಡಲು ಗಾಡಿ ನಿಲ್ಲಿಸಿದರು. ಮುಂದಿನ ಡಬ್ಬಿಗಳು ಪಕ್ಕದ ಹಳಿಗೆ ಸರಿದಿದ್ದವು, ಹಿಂದಿನ ಮಲಗುವ ಡಬ್ಬಿಗಳು ಇನ್ನೂ ಮುಖ್ಯ ಹಳಿಯ ಮೇಲೇ ಇದ್ದವು. ಹಿಂದಿನಿಂದ ಸೈನಿಕರನ್ನು ಇಳಿಸಿ ಖಾಲಿ ಬರುತ್ತಿದ್ದ ರೈಲೊಂದು ಅಪಾಯದ ದೀಪಗಳನ್ನೂ, ಕಾವಲುಗಾರ ಉರಿಸಿ ಬೀಸಿದ ಪಂಜನ್ನೂ ದಾಟಿಕೊಂಡು ಬಂದಿತು. ಅದರ ಚಾಲಕ ನಿದ್ದೆ ಹೋಗಿದ್ದ. ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅವನಿಗೆ ನಿದ್ದೆಯೆಂಬುದು ಸರಿಯಾಗಿ ಆಗಿರಲಿಲ್ಲವೆಂದು ವಿಚಾರಣೆಯಲ್ಲಿ ಹೊರಬಂತು. ರೈಲ್ವೆಯವರನ್ನು ಹದಿನಾರು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಆ ದೇಶದಲ್ಲಿ 1907ರಲ್ಲೇ ಕಾನೂನು ಬಂದಿತ್ತು. ಹದಿನಾರು ಗಂಟೆ! ಅದೇ ದೊಡ್ಡ ಸುಧಾರಣೆ ಎನಿಸಿಕೊಂಡ ಕಾಲ. ನಿದ್ದೆಗೆಟ್ಟ ಒಬ್ಬ ಕೆಲಸಗಾರನ ಎಂಜಿನ್ನು ನಿದ್ದೆಯಲ್ಲಿದ್ದ ನೂರಾರು ಕೆಲಸಗಾರರ ಮೇಲೆ ಹರಿಯಿತು.

ಡಬ್ಬಿಗಳು ಮರದವು, ಹಳೆಯವು. ಒಳಗೆ ಸೀಮೆಎಣ್ಣೆಯ ದೀಪಗಳು. ಗುದ್ದಿದ ರಭಸಕ್ಕೆ ಕೊನೆಯ ಡಬ್ಬಿಗಳು ಸೌದೆಯಾದವು, ಸೌದೆಗೆ ಬೆಂಕಿ ಹತ್ತಿತು. ಸತ್ತವರು 86 ಎಂದು ಲೆಕ್ಕ. ಗಾಯಗೊಂಡವರು ನೂರಕ್ಕೂ ಮಿಕ್ಕು. 86 ಎಂಬುದೂ ಅಂದಾಜೇ ಎಂಬುದನ್ನು ಗಮನಿಸಿರಿ. ಒಳಗೆ ಎಷ್ಟು ಜನ ಮಲಗಿದ್ದರೆಂದು ನಿಖರವಾಗಿ ಹೇಳಲು ಯಾರಿಂದಲೂ ಆಗಲಿಲ್ಲ. ಹಲವರು ಕೆಲಸಕ್ಕೆ ಸೇರಿ ಕೆಲವೇ ದಿನವಾಗಿತ್ತು.

ಎರಡೇ ಊರುಗಳ ಆಟ ತಪ್ಪಿತು. ಬೇರೆ ಕಂಪನಿಗಳು ಆಟಗಾರರನ್ನೂ ಸಾಮಾನನ್ನೂ ಕೊಟ್ಟು ನೆರವಾದವು. ವಿಸ್ಕಾನ್ಸಿನ್ನಿನ ಬೆಲಾಯ್ಟ್‌ನಲ್ಲಿ ಡೇರೆ ಮತ್ತೆ ಎದ್ದಿತು. ಸಿನಿಮಾದವರು ಕಣ್ಣೀರು ಹಾಕಿಸುವುದು ಇದೇ ಜಾಗದಲ್ಲಿ. ನೆರವಿಗೆ ಬಂದವರ ದೊಡ್ಡತನವನ್ನು ನಾವು ಹಳಿಯುವುದಿಲ್ಲ. ಆದರೆ ಆ ಗೂಟಗಳನ್ನು ಹೊಡೆದವರು ಯಾರು? ನಿನ್ನೆ ತನ್ನ ಹಲಗೆಯ ಜೊತೆಗಾರ ಬೆಂದದ್ದನ್ನು ಕಂಡವನು ಇಂದು ಸುತ್ತಿಗೆ ಎತ್ತಿದ. ದುಃಖಕ್ಕೆಂದು ಒಂದು ದಿನದ ರಜೆ ಕೇಳಿದ್ದರೆ ಹಿಡಿದಿಟ್ಟ ಕೂಲಿ ಏನಾಗುತ್ತಿತ್ತೆಂಬುದನ್ನು ಮೇಲೆಯೇ ಹೇಳಿದ್ದೇವೆ.

ಇದಕ್ಕೆ ಎರಡು ವರ್ಷ ಮುಂಚೆ, 1916ರ ಸೆಪ್ಟೆಂಬರಿನಲ್ಲಿ, ಸ್ಪಾರ್ಕ್ಸ್ ಎಂಬ ಸರ್ಕಸ್ಸಿನ ಮೇರಿ ಎಂಬ ಆನೆ ತನ್ನನ್ನು ನಡೆಸುತ್ತಿದ್ದವನನ್ನು ಕೊಂದಿತು. ಟೆನೆಸಿಯ ಎರ್ವಿನ್ ಪಟ್ಟಣದ ರೈಲ್ವೆ ಅಂಗಳದಲ್ಲಿ ಡಬ್ಬಿ ಎತ್ತುವ ಕ್ರೇನಿಗೆ ಸರಪಣಿ ಕಟ್ಟಿ ಆ ಆನೆಯನ್ನು ನೇಣು ಹಾಕಿದರು. ಆನೆಯ ಆ ಘೋರ ಸಾವನ್ನು ಕುರಿತು ಇಂದಿಗೂ ಜನ ಮರುಗುತ್ತಾರೆ, ಮರುಗತಕ್ಕದ್ದೇ. ಸತ್ತವನು ಮಾವುತನೇನಲ್ಲ, ಹೋಟೆಲಿನಲ್ಲಿ ಕಸ ಗುಡಿಸುತ್ತಿದ್ದವನು, ಒಂದೆರಡು ದಿನದ ಹಿಂದೆ ಸರ್ಕಸ್ಸು ಸೇರಿದ್ದವನು. ಆನೆಯ ವಿದ್ಯೆ ಅವನಿಗೆ ಯಾರೂ ಕಲಿಸಿರಲಿಲ್ಲ, ಕೈಗೆ ಕೋಲು ಕೊಟ್ಟು ಮೇಲೆ ಕೂರಿಸಿದ್ದರು. ಅವನ ಹೆಸರು ವಾಲ್ಟರ್ ಎಲ್ಡ್ರಿಜ್. ನಮ್ಮ ಪತ್ರಿಕೆಯಲ್ಲಾದರೂ ಒಂದು ಸಲ ಅಚ್ಚಾಗಲಿ.

ಹೀಗೆ ಹೆಸರಿಲ್ಲದವರು ಎಂದೂ ತಲೆಯೆತ್ತಲಿಲ್ಲವೆ? ಎತ್ತಿದರು. 1937ರಲ್ಲಿ ರಿಂಗ್ಲಿಂಗ್ ಕಂಪನಿಯ ಕೂಲಿಗಳು ಅಮೆರಿಕನ್ ಫೆಡರೇಷನ್ ಆಫ್ ಆಕ್ಟರ್ಸ್ ಎಂಬ ಸಂಘಕ್ಕೆ ಸೇರಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು, ಕೂಲಿ ಏರಿತು. ಮರುವರ್ಷ ಕಂಪನಿ ಜಾನ್ ರಿಂಗ್ಲಿಂಗ್ ನಾರ್ತ್‌ನ ಕೈಗೆ ಬಂತು. 1938ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಕೂಲಿಗಳು ಕೆಲಸ ನಿಲ್ಲಿಸಿದಾಗ ಆಟಗಾರರೂ ಗುಮಾಸ್ತರೂ ತಾವೇ ಸಾಮಾನು ಹೊತ್ತು ಆಟ ನಡೆಸಿದರು. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಪರದೆಯ ಈಚೆ ಉಂಡವರಿಗೆ ಆಚೆಯವರ ಹಸಿವು ತಿಳಿಯದು. ಅದು ಅವರ ತಪ್ಪು ಎನ್ನುವುದಕ್ಕಿಂತ ಪರದೆ ಹಾಕಿದವನ ಜಾಣತನ ಎನ್ನಬೇಕು. ಆದರೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಲ್ಲು ಗಾರೆಯ ಕಟ್ಟಡ. ಅಲ್ಲಿ ಡೇರೆ ಎತ್ತಬೇಕಾಗಿರಲಿಲ್ಲ.

ಜೂನಿನಲ್ಲಿ ನಾರ್ತ್ ಕೂಲಿಯಲ್ಲಿ ನೂರಕ್ಕೆ ಇಪ್ಪತ್ತೈದು ಕಡಿತ ಹೇಳಿದ. ಜೂನ್ 22ರಂದು ಪೆನ್ಸಿಲ್ವೇನಿಯಾದ ಸ್ಕ್ರಾಂಟನ್‌ನಲ್ಲಿ ಮುಷ್ಕರ ಹೂಡಿದರು. ಹ್ಯಾಮಂಡಿನ ಬೆಂಕಿಗೆ ಸರಿಯಾಗಿ ಇಪ್ಪತ್ತು ವರ್ಷ ತುಂಬಿದ ದಿನವದು! ಸ್ಕ್ರಾಂಟನ್ ಕಲ್ಲಿದ್ದಲು ಗಣಿಗಳ ಊರು, ಸಂಘವೆಂದರೆ ಏನೆಂದು ಅಲ್ಲಿನವರಿಗೆ ಹೇಳಿಕೊಡಬೇಕಾಗಿರಲಿಲ್ಲ. ‘ಭೂಮಿಯ ಮೇಲಿನ ಅತಿ ದೊಡ್ಡ ಆಟ’ ಒಂದು ಬಯಲಿನಲ್ಲಿ ದಿನಗಟ್ಟಲೆ ಕದಲದೆ ನಿಂತಿತು. ಬಾವುಟ, ಬಾಜಾ, ಆನೆ, ತಾರೆ ಎಲ್ಲವೂ ಇತ್ತು. ಹಗ್ಗ ಎಳೆಯುವ ಕೈ ಒಂದಿರಲಿಲ್ಲ. ಕೊನೆಗೆ ಇಡೀ ಸರ್ಕಸ್ಸು ಫ್ಲಾರಿಡಾದ ಸರಸೋಟಕ್ಕೆ ವಾಪಸು ಹೋಯಿತು. ಮಾಲೀಕ ಸೋಲನ್ನೊಪ್ಪಲಿಲ್ಲ. ಒಳ್ಳೊಳ್ಳೆಯ ಆಟಗಳನ್ನು ತನ್ನದೇ ಇನ್ನೊಂದು ಕಂಪನಿಗೆ ಸೇರಿಸಿ ಆ ವರ್ಷದ ವ್ಯಾಪಾರ ಮುಗಿಸಿದ. ಕೂಲಿಗಳ ಕೈಗೆ ಹೆಚ್ಚೇನೂ ಉಳಿಯಲಿಲ್ಲ. ಹಣದ ದುರುಪಯೋಗದ ಕಾರಣಕ್ಕೆ 1939ರಲ್ಲಿ ಆ ಸಂಘದ ಮಾನ್ಯತೆಯನ್ನೇ ಕಿತ್ತುಕೊಳ್ಳಲಾಯಿತು. ನಮ್ಮ ಕಡೆಯ ತಪ್ಪನ್ನು ಮುಚ್ಚಿಟ್ಟು ಎದುರಿನವನ ತಪ್ಪನ್ನಷ್ಟೇ ಅಚ್ಚು ಹಾಕುವುದು ನಮ್ಮ ಪದ್ಧತಿಯಲ್ಲ. ಸಂಘದ ಪೆಟ್ಟಿಗೆಗೆ ಕೈ ಹಾಕುವವನು ಮಾಲೀಕನಿಗಿಂತ ಹೆಚ್ಚು ಕೆಡುಕು ಮಾಡುತ್ತಾನೆ. ಅದನ್ನು ನಮ್ಮವರೇ ಕಾವಲು ಕಾಯಬೇಕು.

ಸರ್ಕಸ್ಸನ್ನು ಕೊಂದದ್ದು ಸಂಘಗಳೇ ಎಂದು ಹೇಳುವವರಿದ್ದಾರೆ. 1956ರ ಜುಲೈ 16ರಂದು ಪಿಟ್ಸ್‌ಬರ್ಗಿನಲ್ಲಿ ಕೊನೆಯ ಆಟ ಆಡಿಸಿ, ಡೇರೆಯ ಸರ್ಕಸ್ಸಿನ ಕಾಲ ಮುಗಿಯಿತೆಂದು ನಾರ್ತ್ ಸಾರಿದ. ಆ ವರ್ಷ ಕೆಲಸಗಾರರ ಸಂಘಗಳೊಡನೆ ಜಗಳ ಇತ್ತೆಂಬುದು ನಿಜ. ಮನೆಮನೆಗೆ ಟೆಲಿವಿಷನ್ ಬಂದದ್ದೂ, ಊರ ಬಯಲುಗಳಲ್ಲಿ ಕಟ್ಟಡಗಳೆದ್ದದ್ದೂ, ರೈಲು ಬಾಡಿಗೆ ಏರಿದ್ದೂ ಅಷ್ಟೇ ನಿಜ. ಅವನ್ನೆಲ್ಲ ಬಿಟ್ಟು ಕೂಲಿಯ ಮೇಲೆಯೇ ದೂರು ಹೊರಿಸುವವರಿಗೆ ನಮ್ಮದೊಂದು ಮಾತು: ನ್ಯಾಯವಾದ ಕೂಲಿ ಕೊಟ್ಟರೆ ಬಿದ್ದುಹೋಗುವ ಡೇರೆ ಅಷ್ಟು ವರ್ಷ ನಿಂತದ್ದು ಯಾವ ಕಂಬದ ಮೇಲೆ? ಅದನ್ನು ಮೊದಲು ಹೇಳಿರಿ. ಡೇರೆ ಹೋದ ಮೇಲೂ ಕಟ್ಟಡಗಳೊಳಗೆ ಆಟ ನಡೆಯಿತು, ರೈಲುಗಳೂ ಓಡಿದವು. 2017ರ ಮೇ ತಿಂಗಳಲ್ಲಿ ರಿಂಗ್ಲಿಂಗ್ ಕಂಪನಿ ಬಾಗಿಲು ಹಾಕಿದಾಗ ನಾನೂರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಅವರಲ್ಲಿ ಹೆಂಡತಿ ಮಕ್ಕಳೊಡನೆ ರೈಲಿನಲ್ಲೇ ಸಂಸಾರ ಹೂಡಿದ್ದವರಿಗೆ ಮನೆಯೂ ಜೊತೆಗೇ ಹೋಯಿತು. 2023ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಆಟ ಶುರುವಾಗಿದೆ, ಪ್ರಾಣಿಗಳೂ ಇಲ್ಲ, ರೈಲೂ ಇಲ್ಲ.

ನಮ್ಮ ಊರ ಮಿಲ್ಲುಗಳಲ್ಲಿ, ಗೋದಾಮುಗಳಲ್ಲಿ ಬದಲಿಯಾಗಿಯೂ ಗುತ್ತಿಗೆಯಾಗಿಯೂ ದುಡಿಯುವ ಬಂಧುಗಳನ್ನು ನಾವು ಕೇಳುತ್ತೇವೆ: ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು, ನಿಮ್ಮ ತಂದೆಯ ಹೆಸರು, ನಿಮ್ಮ ಊರು ಬರೆದಿದೆಯೆ? ಕಣ್ಣಾರೆ ನೋಡಿದ್ದೀರಾ? ‘ಮೇಸ್ತ್ರಿಗೆ ಗೊತ್ತಿದೆ’ ಎಂಬುದು ಉತ್ತರವಲ್ಲ. ಹೇಗನ್‌ಬೆಕ್-ವಾಲೇಸ್ ಸರ್ಕಸ್ಸಿನಲ್ಲೂ ಮೇಸ್ತ್ರಿಗೆ ಗೊತ್ತಿತ್ತು. ಮೇಸ್ತ್ರಿಗೆ ಗೊತ್ತಿದ್ದದ್ದು ಅಡ್ಡಹೆಸರು.

ಹ್ಯಾಮಂಡಿನಲ್ಲಿ ಸತ್ತವರಲ್ಲಿ ಐವತ್ತಕ್ಕೂ ಹೆಚ್ಚು ಜನರನ್ನು ಷಿಕಾಗೋ ಬಳಿಯ ಫಾರೆಸ್ಟ್ ಪಾರ್ಕಿನಲ್ಲಿ ಹೂಳಿದರು. ಆಟದವರ ಸಂಘವೊಂದು ಸ್ವಲ್ಪ ಮುಂಚೆ ಅಲ್ಲಿ ಸ್ಮಶಾನದ ಜಾಗ ಕೊಂಡಿತ್ತು. ಕಲ್ಲುಗಳ ಮೇಲೆ ಏನು ಕೆತ್ತಿದ್ದಾರೆಂದರೆ, ಹಲವದರ ಮೇಲೆ ‘ಗುರುತು ಸಿಗದ ಗಂಡಸು’, ಅದರ ಮುಂದೊಂದು ನಂಬರು. ಒಂದರ ಮೇಲೆ ‘ಬಾಲ್ಡಿ’, ಎಂದರೆ ಬೋಳುತಲೆಯವನು. ಇನ್ನೊಂದರ ಮೇಲೆ ‘ನಾಲ್ಕು ಕುದುರೆ ಬಂಡಿಯವನು’. ಸುತ್ತ ಐದು ಕಲ್ಲಿನ ಆನೆಗಳನ್ನು ನಿಲ್ಲಿಸಿದ್ದಾರೆ. ಅವನ್ನು ಕಂಡು, ಇಲ್ಲಿ ಆನೆಗಳನ್ನು ಹೂಳಿದ್ದಾರೆಂದು ಅನೇಕರು ನಂಬುತ್ತಾರಂತೆ, ರಾತ್ರಿ ಆನೆ ಘೀಳಿಡುವುದು ಕೇಳಿಸುತ್ತದೆಂದೂ ಹೇಳುತ್ತಾರಂತೆ. ಆ ಅಪಘಾತದಲ್ಲಿ ಆನೆ ಯಾವುದೂ ಸತ್ತಿರಲಿಲ್ಲ.